ಹದಿನೇಳು ಹೆಜ್ಜೆ ದೂರದ ಗಿಡ

ಸರ್ ತೀರಿಕೊಂಡ ದಿನ ನನ್ನ ಡೈರಿಯಲ್ಲಿ ಮೂರೇ ಸಾಲುಗಳಿವೆ. ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ಟಿಳಕವಾಡಿಯಿಂದ ಅವರ ಮನೆ ಮಾಲೀಕರ ಫೋನ್. ಮಳೆ ಎಡೆಬಿಡದೆ. ಮನೆಗೆ ಬಂದವರು, ನನ್ನನ್ನೂ ಸೇರಿಸಿ, ಒಂಬತ್ತು ಜನ. ಇನ್ನೂ ಏನಾದರೂ ಬರೆಯಬೇಕೆಂದು ಪೆನ್ನು ಹಿಡಿದು ಕೂತದ್ದು ನೆನಪಿದೆ. ಆಗಲಿಲ್ಲ. ಈಗ ಹಳೆಯ ಡೈರಿಗಳನ್ನು ಮುಂದಿಟ್ಟುಕೊಂಡು ಬರೆಯಲು ನೋಡುತ್ತಿದ್ದೇನೆ.

ಎಲ್ಲದಕ್ಕೂ ಲೆಕ್ಕ ಇಡುವುದು ನನ್ನ ಚಟ. ಬೀಡಿ ಊರಿನ ನಮ್ಮ ಮನೆಯಲ್ಲಿ ಇದಕ್ಕೆ ಎಲ್ಲರೂ ನಗುತ್ತಾರೆ. ಸರ್ ಜೊತೆ ಖಾನಾಪುರದ ಕಡೆ ಗಿಡ ಹುಡುಕಲು ಹೋದದ್ದು ಇಪ್ಪತ್ತಮೂರು ಸಲ. ನಮ್ಮ ಪರಿಚಯದ ಅಷ್ಟೂ ದಿನಗಳಲ್ಲಿ ಅವರು ತಮ್ಮ ಬಗ್ಗೆ ಮಾತಾಡಿದ್ದು ನಾಲ್ಕು ಸಲ. ಅದರಲ್ಲಿ ಎರಡು ಸಲ ಮೊಣಕಾಲಿನ ಬಗ್ಗೆ.

ಮೂರನೆಯ ಸಲದ್ದು ಜಾಂಬೋಟಿಯಿಂದ ವಾಪಸು ಬರುವಾಗ. ಬಸ್ಸು ಕೆಟ್ಟು ನಿಂತು, ಒಳಗಿದ್ದವರೆಲ್ಲ ಮನೆಗೆ ಫೋನ್ ಮಾಡಿ ತಡವಾಗುತ್ತದೆ ಎಂದು ಹೇಳುತ್ತಿದ್ದರು. ನಾನೂ ಅವ್ವನಿಗೆ ಹೇಳಿದೆ. ಸರ್ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದವರು, "ಈ ಕೆಲಸಕ್ಕ ನಾ ಲಾಯಕ್ ಮನಷ್ಯಾ ನೋಡು ತಂಗಿ. ತಡಾ ಆದ್ರ ಯಾರಿಗೂ ಹೇಳೂ ತ್ರಾಸಿಲ್ಲ" ಅಂದರು. ತಮಾಷೆಗೆ ಹೇಳಿದಂತೆಯೇ ಇತ್ತು. ನಾನು ನಕ್ಕೆ. ಅವರು ನಗಲಿಲ್ಲ ಎಂಬುದು ಡೈರಿಯಲ್ಲಿದೆ.

ಮದುವೆಯಾಗಿರಲಿಲ್ಲ. ಕಾಲೇಜಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾಗಿದ್ದರು. ರೈಲಿನ ಸದ್ದು ಕೇಳುವಷ್ಟು ಹತ್ತಿರ, ಮಹಡಿಯ ಮೇಲೆ ಎರಡು ಕೋಣೆ. ಒಂದರಲ್ಲಿ ಅವರು, ಇನ್ನೊಂದರಲ್ಲಿ ಒಣಗಿಸಿ ಹಾಳೆಗೆ ಹಚ್ಚಿದ ಗಿಡಗಳು. ಗಿಡಗಳ ಕೋಣೆಯೇ ದೊಡ್ಡದು.

ನಾನು ಮೊದಲ ಸಲ ಹೋದದ್ದು ಎಂ.ಎಸ್ಸಿ. ಪ್ರಾಜೆಕ್ಟಿನ ಗಿಡಗಳ ಹೆಸರು ಖಚಿತ ಮಾಡಿಕೊಳ್ಳಲು. ಕಟ್ಟು ಬಿಚ್ಚಿ ಮೇಜಿನ ಮೇಲಿಟ್ಟೆ. ಅವರು ಗಿಡ ನೋಡುವ ಮೊದಲು ಹಾಳೆಯ ಮೂಲೆಯ ಚೀಟಿ ಓದಿದರು.

"ಇದನ್ನ ಯಾರ ಬರದಾರು?"

"ನಾನರಿ ಸರ."

"ಹತ್ತೂ ಮೂವತ್ತೈದು ಅಂತ ಬರದೀರಿ. ಏನದು?"

"ವ್ಯಾಳ್ಯಾರಿ ಸರ. ಹತ್ತೂ ಮೂವತ್ತೈದಕ್ಕ ಕಿತ್ತಿದ್ನಿರಿ."

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇಷ್ಟ ವರ್ಷ ಕಲಿಸೇನಿ. ದಿನಾಂಕ ಬರೀರೋ ಅಂತ ಬಡಕೊಂಡೇನಿ. ವ್ಯಾಳ್ಯಾ ಬರದಾವ್ರು ಯಾರೂ ಸಿಕ್ಕಿದ್ದಿಲ್ಲ. ರವಿವಾರ ಏನ ಮಾಡತೀರಿ?"

ಮುಂದಿನ ರವಿವಾರದಿಂದ 'ರೀ' ಹೋಗಿ 'ತಂಗಿ' ಬಂತು.

ಗಿಡಗಳನ್ನು ಹಳೆಯ ಪೇಪರಿನ ನಡುವೆ ಇಟ್ಟು, ಎರಡು ಹಲಗೆಗಳಿಂದ ಒತ್ತಿ, ಪಟ್ಟಿ ಬಿಗಿದು ಒಣಗಿಸಬೇಕು. ತೇವ ಹೀರಿದ ಪೇಪರನ್ನು ದಿನಾ ಬದಲಿಸಬೇಕು. ಸರ್ ಹೊಸ ಪೇಪರು ಓದುತ್ತಿರಲಿಲ್ಲ. ಕೆಳಗಿನ ಮನೆಯವರ ಕನ್ನಡ ಪೇಪರು, ಎದುರು ಮನೆಯವರ ಮರಾಠಿ ಪೇಪರು ತಿಂಗಳಿಗೊಮ್ಮೆ ಕಟ್ಟಾಗಿ ಬರುತ್ತಿದ್ದವು. ಗಿಡ ತಿರುವಿಹಾಕುವಾಗ ಅವನ್ನು ಓದುತ್ತಿದ್ದರು. ಹಾಗಾಗಿ ಲೋಕದ ಸುದ್ದಿ ಅವರಿಗೆ ಸದಾ ತಡವಾಗಿ ಮುಟ್ಟುತ್ತಿತ್ತು. ಒಮ್ಮೆ ಗಾಬರಿಯಿಂದ, "ತಂಗಿ, ನಿನ್ನಿ ಮ್ಯಾಚ್ ಸೋತೇವಂತಲ್ಲ!" ಅಂದರು.

"ಸರ, ಅದು ದೀಪಾವಳಿ ಮುಂಚಿಂದ್ರಿ. ಆಮ್ಯಾಲ ಎರಡು ಗೆದ್ದೇವ್ರಿ."

"ಅವು ಇನ್ನೂ ಕಟ್ಟಿನ ತಳಕ್ಕ ಅದಾವ. ಹೇಳಬ್ಯಾಡ" ಅಂದರು.

ಹೊಸ ಗಿಡ ಸಿಕ್ಕಿತೆಂದು ಹುಡುಗರು ಕುಣಿಯುತ್ತಾ ಬಂದರೆ ಸರ್ ಮೊದಲು ಕೂರಿಸಿ ನೀರು ಕೊಡುತ್ತಿದ್ದರು. ಹೊಸದು ಎನ್ನಬೇಕಾದರೆ ಹಳೆಯವು ಯಾವುದೂ ಅಲ್ಲವೆಂದು ಒಂದೊಂದನ್ನೇ ತಳ್ಳಿಹಾಕುತ್ತಾ ಬರಬೇಕು. ಎಲೆ, ಹೂವು, ಕೇಸರ, ಕಾಯಿ, ಬೀಜ, ಎಲ್ಲವೂ ಕೈಯಲ್ಲಿರಬೇಕು. ಹೂವು ಯಾವ ಗಿಡದ್ದೋ ಕಾಯಿಯೂ ಅದೇ ಗಿಡದ್ದಾಗಿರಬೇಕು. "ಹೊಸಾದು ಅನ್ನಾಕ ಒಂದ ಉಸರ ಸಾಕು. ಹಳೇದಲ್ಲ ಅನ್ನಾಕ ಹತ್ತ ವರ್ಷ ಬೇಕು" ಎಂಬುದು ಅವರ ಮಾತು. ನನ್ನ ಲೆಕ್ಕದಲ್ಲಿ ಇದನ್ನು ಅವರು ಹನ್ನೊಂದು ಸಲ ಹೇಳಿದ್ದಾರೆ.

ಅವರಿಗೇ ಅಂಥದೊಂದು ಗಿಡವಿತ್ತು. ಹತ್ತಲ್ಲ, ಇಪ್ಪತ್ತು ವರ್ಷದಿಂದ.

ಖಾನಾಪುರದಿಂದ ಜಾಂಬೋಟಿಯ ಕಡೆ ಹೋಗುವ ಬಸ್ಸಿನಲ್ಲಿ ನಡುವೆ ಇಳಿದು, ಒಂದು ಗಂಟೆ ಏರಿದರೆ ಜಂಬಿಟ್ಟಿಗೆ ಕಲ್ಲಿನ ದೊಡ್ಡ ಬಯಲು ಬರುತ್ತದೆ. ಬೇಸಿಗೆಯಲ್ಲಿ ಬೋಳು. ಮಳೆ ಬಿದ್ದ ಹದಿನೈದು ದಿನಕ್ಕೆ ಕಲ್ಲಿನ ಮೇಲಿನ ಗೇಣು ಮಣ್ಣಿನಲ್ಲಿ ನೂರಾರು ಬಗೆಯ ಸಣ್ಣ ಗಿಡಗಳು ಏಳುತ್ತವೆ. ಅಲ್ಲೊಂದು ಕಡೆ, ಉಳ್ಳಾಗಡ್ಡಿಯಂಥ ಎಲೆಯ, ಬಿಳಿ ಹೂವಿನ ಗಿಡವನ್ನು ಸರ್ ನೋಡಿದ್ದರು. ಅದೇ ಬಯಲಲ್ಲಿ ಸಿಗುವ ಒಂದು ಹಳೆಯ ಜಾತಿಯಂತೆಯೇ ಇತ್ತು. ಆದರೆ ದಂಟಿನ ಬುಡಕ್ಕೆ ಕೆಂಪು ಗೆರೆ, ಕೇಸರದ ಕಾಲಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮ. ಇಷ್ಟು ಸಾಲದು. ಕಾಯಿ ಬೇಕು. ಆ ಕಾಯಿ ಅವರಿಗೆ ಒಮ್ಮೆಯೂ ಸಿಕ್ಕಿರಲಿಲ್ಲ. ಹೂ ಬಿದ್ದ ಮೇಲೆ ಹುಲ್ಲಿನಲ್ಲಿ ಗಿಡದ ಗುರುತು ಹತ್ತುತ್ತಿರಲಿಲ್ಲ, ಇಲ್ಲವೇ ದನ ತಿಂದಿರುತ್ತಿತ್ತು.

ದನವಷ್ಟೇ ಅಲ್ಲ. ಆ ಬಯಲಲ್ಲಿ ಎಮ್ಮೆ ಮೇಯಿಸುವ ಒಬ್ಬ ಹೆಂಗಸಿದ್ದಳು. ಮನೆಮಾತು ಮರಾಠಿ, ನಮ್ಮೊಡನೆ ಕನ್ನಡ. ನಾವಿಬ್ಬರೂ ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಅವಳಿಗೆ ಸರ್ 'ಮಾಸ್ತರ', ನಾನು 'ಬಾಯಿ'. ನಾನು ಮೊದಲ ಸಲ ಹೋದ ದಿನ ಸರ್ ಅವಳಿಗೆ ಒಣಗಿದ ಹೂವಿನ ಹಾಳೆ ತೋರಿಸಿ, ಇಂಥ ಗಿಡ ಕಾಯಿ ಬಿಟ್ಟದ್ದನ್ನು ಕಂಡಿದ್ದೀಯಾ ಎಂದು ಕೇಳಿದರು.

"ಅಯ್ ಮಾಸ್ತರ, ಇದನ್ನ ನಾ ಮೊನ್ನಿ ಉಳ್ಳಾಗಡ್ಡಿ ಹಾಕಿ ಹುರದ ತಿಂದೇನಲ್ರಿ! ಎಳೀ ಎಲಿ ಭಾಜಿ ಭಾಳ ರುಚಿ."

ಸರ್ ಮುಖ ಕಪ್ಪಿಟ್ಟಿತು. "ಎಷ್ಟ ತಿಂದಿ?"

"ಮನಿ ಮಂದಿಗೆಲ್ಲಾ ಆತು ನೋಡ್ರಿ."

ಅವಳು ನಕ್ಕಳು. ನಾನು ನಗು ತಡೆಯಲು ಡೈರಿಯಲ್ಲಿ ಮುಖ ಹುದುಗಿಸಿದೆ. ಸರ್ ಒಂದು ಕಲ್ಲಿನ ಮೇಲೆ ಕೂತು ಬಹಳ ಹೊತ್ತು ಏಳಲಿಲ್ಲ.

ಹೋದ ವರ್ಷ ಜೂನ್ ಕೊನೆಯ ರವಿವಾರ ಆ ಗಿಡ ಮತ್ತೆ ಸಿಕ್ಕಿತು. ಒಂದೇ ಗುಂಪಿನಲ್ಲಿ ಐದು, ಎಲ್ಲವೂ ಹೂವಿನಲ್ಲಿ. ಎರಡನ್ನು ಕಿತ್ತೆವು, ಮೂರನ್ನು ಕಾಯಿಗೆ ಬಿಟ್ಟೆವು. ದಾರ ಕಟ್ಟಿದರೆ ಎಮ್ಮೆ ಎಳೆಯುತ್ತದೆ, ಬಣ್ಣದ ಚೀಟಿ ನೇತುಹಾಕಿದರೆ ಹಾದುಹೋಗುವವರು ಕೀಳುತ್ತಾರೆ. ಸರ್ ಅವರ ಪದ್ಧತಿ ಬೇರೆ. ಅಲ್ಲಿಯದೇ ಕಲ್ಲುಗಳನ್ನು ಗಿಡದ ಸುತ್ತ ಉಂಗುರದಂತೆ ಇಡುವುದು, ಅಷ್ಟೇ. ನೋಡಿದವರಿಗೆ ಕಲ್ಲಿನ ಬಯಲಲ್ಲಿ ಕಲ್ಲು ಕಾಣುತ್ತದೆ. ನಾನು ಹತ್ತಿರದ ಚಪ್ಪಟೆ ಬಂಡೆಯಿಂದ ಅಳೆದು, ಪೂರ್ವಕ್ಕೆ ಹದಿನೇಳು ಹೆಜ್ಜೆ ಎಂದು ಬರೆದುಕೊಂಡೆ.

ಸರ್ ಮಾವಶಿಗೆ ಕೈ ಮುಗಿದು, ಈ ಕಡೆ ಎಮ್ಮೆ ಬಿಡಬೇಡ ಎಂದು ಬೇಡಿಕೊಂಡರು.

"ನಿಮ್ಮ ಹುಲ್ಲಿನ ಸಲುವಾಗಿ ನಮ್ಮ ಎಮ್ಮಿ ಉಪಾಸ ಇರಬೇಕೇನ್ರಿ?"

"ಇಷ್ಟ ಜಾಗಾ ಬಿಟ್ಟು ಮೇಯಲಿ. ಕಾಯಿ ಆಗೂ ಮಟಾ."

"ಲಗ್ನಾ ಮಾಡಿಕೊಂಡಿದ್ರ ಇಷ್ಟೊತ್ತಿಗೆ ಮೊಮ್ಮಕ್ಕಳ ಬಾಜೂಕ ಕೂತಿರ್ತಿದ್ರಿ, ಮಾಸ್ತರ. ಹುಲ್ಲಿನ ಕಾಯಿ ಕಾಯಾಕ ಹತ್ತೀರಿ" ಎಂದು ಬೈದಳು. ಆದರೆ ಮೂರು ತಿಂಗಳು ಎಮ್ಮೆಗಳನ್ನು ಆಚೆ ಹೊಡೆದುಕೊಂಡೇ ಹೋದಳು.

ಸೆಪ್ಟೆಂಬರಿನಲ್ಲಿ ಹೋದಾಗ ಕಲ್ಲಿನ ಉಂಗುರ ಇತ್ತು. ಒಳಗಿನ ಗಿಡಗಳ ಎಲೆ ಒಣಗಿ ಉದುರಿ, ದಂಟಿನ ಬಣ್ಣವೂ ಹೋಗಿತ್ತು. ದಂಟಿನ ಮೇಲೆ ಕಾಯಿಗಳಿದ್ದವು. ಹಳೆಯ ಜಾತಿಯ ಕಾಯಿ ಮೂರು ಏಣಿನದು, ತುದಿ ಕಚ್ಚಿ ತೆಗೆದಂತೆ ಇರುತ್ತದೆ. ಇವು ಗುಂಡಗಿದ್ದವು. ಸರ್ ಮೊಣಕಾಲೂರಿ ಕೂತು, ಒಂದು ಕಾಯಿಯನ್ನು ಅಂಗೈಯಲ್ಲಿಟ್ಟುಕೊಂಡು ನನ್ನ ಕಡೆ ಚಾಚಿದರು. "ಅಲ್ಲ, ಹಳೇದಲ್ಲ" ಅಂದರು. ಆ ದಿನವೂ ನಾನು ಹೆಜ್ಜೆ ಅಳೆದು ಬರೆದೆ. ಅಳೆಯುವುದು ರೂಢಿ. ಬರೆದದ್ದನ್ನು ಜೂನ್ ತಿಂಗಳ ಪುಟದೊಡನೆ ಹೋಲಿಸಿ ನೋಡಲಿಲ್ಲ.

ಅಕ್ಟೋಬರಿನಿಂದ ಜನವರಿಯವರೆಗಿನ ನಾಲ್ಕು ತಿಂಗಳು ನಾನು ಕಂಡ ಸರ್ ಬೇರೆಯೇ ಮನುಷ್ಯ. ಗಿಡ ಹೊಸದೆಂದು ಸಾರುವ ಲೇಖನ ಬರೆಯುತ್ತಿದ್ದರು. ಅದಕ್ಕೂ ಹಿಂದಿನ ಇಡೀ ವರ್ಷದಲ್ಲಿ ಅವರು ನನಗೆ ಫೋನ್ ಮಾಡಿದ್ದು ಎರಡು ಸಲ. ಈ ನಾಲ್ಕು ತಿಂಗಳಲ್ಲಿ ನಲವತ್ತೊಂದು. ಬೀಜದ ಮೇಲಿನ ಗೆರೆಗೆ ಯಾವ ಶಬ್ದ ಬಳಸಲಿ ಎಂದು ಕೇಳುವುದಕ್ಕೆ, ಚಿತ್ರದಲ್ಲಿ ಎಲೆ ಎಡಕ್ಕೆ ಬಾಗಬೇಕೋ ಬಲಕ್ಕೋ ಎಂದು ಕೇಳುವುದಕ್ಕೆ. ಖಾನಾವಳಿಯಲ್ಲಿ ಪಕ್ಕದವರನ್ನು ತಾವೇ ಮಾತಾಡಿಸಿದರಂತೆ. ಹೊಸ ಅಂಗಿ ಹೊಲಿಸಿದರು. ಗಿಡಕ್ಕೆ ಏನು ಹೆಸರಿಡುತ್ತೀರಿ ಎಂದು ಕೇಳಿದರೆ, "ನೋಡೂಣು, ಅವಸರ ಯಾಕ? ಹೆಸರಿಗೆ ಭಾಳ ಮಂದಿ ಕಾಯಾಕ ಹತ್ಯಾರ" ಎಂದು ಮಾತು ತೇಲಿಸುತ್ತಿದ್ದರು. ಹೊಸ ಗಿಡಕ್ಕೆ ತಮಗೆ ಬೇಕಾದವರ ಹೆಸರಿಡುವುದುಂಟು. ಹಾಗೆ ಕಾಯುವವರು ಅವರಿಗೆ ಯಾರೂ ಇರಲಿಲ್ಲ.

ಜನವರಿಯಲ್ಲಿ ಲೇಖನದ ಕೊನೆಯ ಪ್ರತಿ ಮಾಡುತ್ತಾ, ಗಿಡ ಸಿಕ್ಕ ಜಾಗದ ವಿವರ ತುಂಬಲು ಡೈರಿ ತೆಗೆದೆ. ಜೂನ್: ಚಪ್ಪಟೆ ಬಂಡೆಯಿಂದ ಪೂರ್ವಕ್ಕೆ ಹದಿನೇಳು ಹೆಜ್ಜೆ. ಸೆಪ್ಟೆಂಬರ್: ಅದೇ ಬಂಡೆಯಿಂದ ಪೂರ್ವಕ್ಕೆ ಇಪ್ಪತ್ತನಾಲ್ಕು.

ಕಾಲೇಜಿನ ಅಂಗಳದಲ್ಲಿ ನನ್ನ ಹೆಜ್ಜೆಯನ್ನು ಆರು ಸಲ ಅಳೆದು ನೋಡಿದೆ. ಏಳು ಹೆಜ್ಜೆ ತಪ್ಪುವಂತಿರಲಿಲ್ಲ. ಮುಂದಿನ ರವಿವಾರ ಒಬ್ಬಳೇ ಖಾನಾಪುರಕ್ಕೆ ಹೋಗಿ, ಬಯಲು ಹತ್ತಿ, ಮಾವಶಿಯನ್ನು ಹುಡುಕಿದೆ. ಅದೂ ಇದೂ ಮಾತಾಡಿ ಕಲ್ಲಿನ ವಿಷಯ ತೆಗೆದೆ.

"ಹೌದ್ ಬಾಯಿ, ಶ್ರಾವಣದಾಗ ಒಂದ ಎಮ್ಮಿ ತಪ್ಪಿಸಿಕೊಂಡ ಬಂದು ಎಲ್ಲಾ ಒದ್ದ ಹೋತು. ಗಿಡಾನೂ ತುಳದ ಹಾಳ ಮಾಡಿತ್ತು ಅಂತ ತಿಳಕೊಂಡೆ. ಮಳಿ ಹಂಗ ಹೊಡ್ಯಾಕತ್ತಿತ್ತು. ಹುಡಕಿ ಹುಡಕಿ ನೋಡಿದ್ರ ಅಲ್ಲೇ ಆಚೀಕ ಅಂಥಾವ ಇದ್ವು. ಕಲ್ಲ ಆರಿಸಿ ಮತ್ತ ಮೊದಲಿನಗತೆ ಇಟ್ಟೆ. ಮಾಸ್ತರಗ ಕಾಯಿ ಸಿಕ್ವಲ್ಲ?"

"ಸಿಕ್ವು ಮಾವಶಿ" ಅಂದೆ.

ಹಾಗಾದರೆ ಸರ್ ಮೇಜಿನ ಮೇಲಿದ್ದ ಹೂವು ಒಂದು ಗಿಡದ್ದು, ಕಾಯಿ ಇನ್ನೊಂದರದ್ದು. ಎರಡನ್ನೂ ಕೂಡಿಸಿ ಅವರು ವರ್ಣಿಸಿದ ಗಿಡ ಎಲ್ಲಿಯೂ ಇರಲಿಲ್ಲ.

ಇದನ್ನು ನಾನು ಇಪ್ಪತ್ತಾರು ದಿನ ಹೇಳಲಿಲ್ಲ. ಲೇಖನ ಕಳಿಸಿದರೆ ಅಚ್ಚಾಗಬಹುದು. ಯಾರಿಗೂ ಗೊತ್ತಾಗಲು ವರ್ಷಗಳೇ ಬೇಕು. ಅಷ್ಟರೊಳಗೆ ಅವರು ಸಂತೋಷವಾಗಿಯೇ ಇರುತ್ತಾರೆ. ಹೇಳಿದರೆ ಆ ನಲವತ್ತೊಂದು ಫೋನು ನಿಲ್ಲುತ್ತವೆ. ಸೋಮವಾರ ಅಂಚೆಗೆ ಹಾಕೋಣ ಎಂದು ಅವರು ಹೇಳಿದ ಶನಿವಾರ ಹೋದೆ. ಅವರು ಲಕೋಟೆಯ ಮೇಲೆ ವಿಳಾಸ ಬರೆಯುತ್ತಿದ್ದರು.

"ಸರ, ಜೂನದಾಗ ಹದಿನೇಳು ಹೆಜ್ಜಿ ಬರದೇನ್ರಿ. ಸೆಪ್ಟೆಂಬರದಾಗ ಇಪ್ಪತ್ನಾಕು."

ಅವರು ನನ್ನ ಕಾಲು ನೋಡಿದರು. "ಮಳ್ಯಾಗ ಹೆಜ್ಜಿ ಸಣ್ಣು ಹಾಕಿರಬೇಕ."

"ಇಲ್ರಿ ಸರ. ಮಾವಶೀನ ಕೇಳಿ ಬಂದೇನ್ರಿ."

ನಾನು ಹೇಳಿ ಮುಗಿಸುವವರೆಗೂ ಅವರು ಪೆನ್ನಿನ ಟೊಪ್ಪಿಗೆ ಹಾಕುತ್ತಾ ತೆಗೆಯುತ್ತಾ ಇದ್ದರು. ಆಮೇಲೆ ಕಾಯಿಯ ಪೊಟ್ಟಣ ಬಿಚ್ಚಿ, ಕಿಟಕಿಯ ಬೆಳಕಿಗೆ ಒಯ್ದು ಮಸೂರದಲ್ಲಿ ನೋಡಿದರು. ಒಂದು ರೈಲು ಬಂತು, ನಿಂತಿತು, ಹೋಯಿತು. ಅವರು ನೋಡುತ್ತಲೇ ಇದ್ದರು.

"ಈ ಕಾಯಿ ನಾ ನೂರ ಸಲ ನೋಡೇನಿ" ಅಂದರು. "ಅಗಸ್ಟದಾಗ ಹೂ ಬಿಡತೈತಲ್ಲ, ಬಯಲ ತುಂಬ ಇರೂ ಗಿಡ, ಅದರದು. ಫಸ್ಟ್ ಇಯರ್ ಹುಡಗೂರು ಹೇಳತಾರ. ನಾ ಗುರ್ತ ಹಿಡಿಲಿಲ್ಲ. ಹಿಡೀಬಾರದು ಅಂತ ಇದ್ದೆ, ಖರೇ ಹೇಳಬೇಕಂದ್ರ."

ನನಗೆ ಅಳು ಬಂತು. ಆ ಹಾಳೆ ತೆಗೆದುಬಿಡೋಣ ಸರ, ಯಾರಿಗೂ ಗೊತ್ತಾಗುವುದು ಬೇಡ ಅಂದೆ.

"ಯಾಕ ತಗೀಬೇಕು? ತಪ್ಪಿಗೂ ದಿನಾಂಕ ಇರತೈತಿ. ಬಾಜೂಕ ಹಚ್ಚು."

ಗಿಡಗಳ ಕಪಾಟಿನಲ್ಲಿ ಅದೇ ಪದ್ಧತಿ. ಒಬ್ಬರು ಬರೆದ ಹೆಸರು ತಪ್ಪೆಂದು ಗೊತ್ತಾದರೆ ಹಳೆಯ ಚೀಟಿ ಹರಿಯುವುದಿಲ್ಲ, ಅಳಿಸುವುದಿಲ್ಲ. ಸರಿಯಾದದ್ದನ್ನು ಬೇರೆ ಚೀಟಿಯಲ್ಲಿ ಬರೆದು ಪಕ್ಕದಲ್ಲಿ ಅಂಟಿಸುತ್ತಾರೆ. ಸರ್ ತಮ್ಮ ದುಂಡು ಅಕ್ಷರದಲ್ಲಿ, ಹೂವು ಮತ್ತು ಕಾಯಿ ಬೇರೆ ಬೇರೆ ಗಿಡದವು, ಸಂಗ್ರಹದ ತಪ್ಪು ನನ್ನದು ಎಂದು ಬರೆದು ಸಹಿ ಮಾಡಿದರು. ವೇಳೆಯನ್ನೂ ಬರೆದರು. ನಾಲ್ಕೂ ಹತ್ತು.

"ಮಾವಶಿಗೆ ಹೇಳಿದೇನು?"

"ಇಲ್ರಿ ಸರ."

"ಹೇಳಬ್ಯಾಡ." ಪೊಟ್ಟಣ ಮಡಿಚುತ್ತಾ, ನನ್ನ ಕಡೆ ನೋಡದೆ ಹೇಳಿದರು. "ಅಂಥಾ ಮಳ್ಯಾಗ ಆಕಿ ಬಗ್ಗಿ ಬಗ್ಗಿ ಕಲ್ಲ ಆರಿಸಿ ಇಟ್ಟಾಳ, ಮಾಸ್ತರಗ ಕಾಯಿ ಸಿಗಲಿ ಅಂತ. ನನ್ನ ಸಲುವಾಗಿ ಹಂಗ ಯಾರೂ ಏನೂ ಮಾಡಿದ್ದಿಲ್ಲ, ತಂಗಿ."

ಅದು ನಾಲ್ಕನೆಯ ಸಲ.

ಅದರ ನಂತರ ಫೋನ್ ಕಡಿಮೆಯಾದವು. ಫೆಬ್ರುವರಿಯಿಂದ ಜೂನ್‌ವರೆಗೆ ಒಂದೇ ಒಂದು. "ಮಳಿ ಚಾಲೂ ಆತು. ಆ ಗಿಡದ ಖರೇ ಕಾಯಿ ಇನ್ನೂ ಯಾರೂ ನೋಡಿಲ್ಲ. ಈ ಸಲ ನೋಡೂಣು" ಅಂದರು. ಆಸೆ ಇನ್ನೂ ಪೂರ್ತಿ ಸತ್ತಿರಲಿಲ್ಲ. ನಿಜವೇ, ಹೂವು ಹಾಗೇ ಉಳಿದಿತ್ತಲ್ಲ. ಆದರೆ ಏರು ಹತ್ತಬಾರದೆಂದು ಡಾಕ್ಟರು ಹೇಳಿಯಾಗಿತ್ತು. ಖಾನಾಪುರದ ಬಸ್ ಸ್ಟ್ಯಾಂಡಿನವರೆಗೆ ಬಂದು, ಅಲ್ಲಿಯ ಕಲ್ಲುಬೆಂಚಿನ ಮೇಲೆ ಕೂತರು. ನಾನೊಬ್ಬಳೇ ಮೇಲೆ ಹೋದೆ. ಹದಿನೇಳು ಹೆಜ್ಜೆಗೆ ಮೂರರಲ್ಲಿ ಒಂದು ಗಿಡ ಮತ್ತೆ ಎದ್ದಿತ್ತು. ಎಮ್ಮೆ ತುಳಿದರೂ ಮಣ್ಣಿನೊಳಗಿನ ಗಡ್ಡೆಗೆ ಏನೂ ಆಗಿರಲಿಲ್ಲ. ಸುತ್ತ ಕಲ್ಲಿಟ್ಟು, ಈ ಸಲ ಬುಡದಲ್ಲಿ ತಂತಿಯ ಗುರುತೂ ಹೂತು, ಒಂದು ಹೂ ಕಿತ್ತುಕೊಂಡು ಇಳಿದು ಬರುವಾಗ ಐದು ಗಂಟೆ ಕಳೆದಿತ್ತು. ಸರ್ ಕೂತಲ್ಲೇ ಕೂತಿದ್ದರು. ಹೂ ಹಿಡಿದು ಮಸೂರದಲ್ಲಿ ಕೇಸರದ ರೋಮ ನೋಡಿದರು. ಮಾವಶಿ ಏನಂದಳು ಎಂದು ಕೇಳಿದರು. ಮಾಸ್ತರ ಯಾಕೆ ಬರಲಿಲ್ಲ ಎಂದು ಕೇಳಿದಳು ಅಂದೆ. "ಕೇಳಿದಳೇನು?" ಎಂದು ಮತ್ತೊಮ್ಮೆ ಕೇಳಿದರು.

ಅಗಸ್ಟಿನಲ್ಲಿ ಹೋದರು.

ಸೆಪ್ಟೆಂಬರಿನಲ್ಲಿ, ಕಾಯಿ ಮಾಗುವ ವಾರ, ನಾನು ಬಯಲು ಹತ್ತಿದೆ. ಮಾವಶಿ ದೂರದಿಂದಲೇ, "ಮಾಸ್ತರ ಎಲ್ಲಿ?" ಎಂದು ಕೂಗಿದಳು. ಹತ್ತಿರ ಹೋಗಿ ಹೇಳಿದೆ. ಅವಳು ತಲೆಯ ಮೇಲಿನ ಕಂಬಳಿಯ ಕೊಪ್ಪೆ ತೆಗೆದಳು.

"ಬಾಜೂಕ ಯಾರ ಇದ್ರು?"

"ಯಾರೂ ಇದ್ದಿಲ್ಲ ಮಾವಶಿ."

ಹದಿನೇಳು ಹೆಜ್ಜೆ ಅಳೆದೆ. ತಂತಿ ಸಿಕ್ಕಿತು. ದಂಟಿನ ಮೇಲೆ ನಾಲ್ಕು ಕಾಯಿ. ಒಂದನ್ನು ಕಿತ್ತು ಮಸೂರ ಹಿಡಿಯುವ ಮೊದಲೇ ಗೊತ್ತಾಯಿತು. ಮೂರು ಏಣು, ತುದಿ ಕಚ್ಚಿ ತೆಗೆದಂತೆ. ಆದರೂ ಸರ್ ಕಲಿಸಿದಂತೆ ಒಡೆದು, ಬೀಜ ಎಣಿಸಿ, ಒಂದೊಂದೇ ಲಕ್ಷಣ ಓದಿ ನೋಡಿದೆ. ಹಳೆಯದೇ. ಕೆಂಪು ಗೆರೆ, ರೋಮ, ಎಲ್ಲ ಈ ಮಣ್ಣಿನಲ್ಲಿ ಅದು ತಾಳುವ ಸಣ್ಣ ವ್ಯತ್ಯಾಸ, ಅಷ್ಟೇ. ಅವರ ಇಪ್ಪತ್ತು ವರ್ಷದ ಪ್ರಶ್ನೆಗೆ ಉತ್ತರ ನನ್ನ ಅಂಗೈಯಲ್ಲಿತ್ತು. ಹೇಳಲು ಅಲ್ಲಿ ಯಾರೂ ಇರಲಿಲ್ಲ.

ಮಾವಶಿ ಬಗ್ಗಿ ನೋಡುತ್ತಿದ್ದಳು. "ಹೋದ ವರ್ಷ ನಾ ಕಲ್ಲ ಇಟ್ಟಿದ್ನಲ್ಲ ಬಾಯಿ, ಅದರಿಂದ ಮಾಸ್ತರಗ ಏನರ ಉಪೇಗ ಆತೇನು?"

ನನಗೆ ಆ ನಾಲ್ಕು ತಿಂಗಳು ನೆನಪಾದವು. ಹೊಸ ಅಂಗಿ ನೆನಪಾಯಿತು.

"ಭಾಳ ಆತು ಮಾವಶಿ" ಅಂದೆ. ಸುಳ್ಳು ಹೇಳುತ್ತಿದ್ದೇನೆ ಎಂದು ಅನಿಸಲಿಲ್ಲ.

ಅವಳು ತಲೆಯಾಡಿಸಿದಳು. ಬಯಲಿನ ಆಚೆ ಬದಿಗೆ ಅವಳ ಎಮ್ಮೆಗಳು ಒಂದೇ ಸಾಲಿನಲ್ಲಿ, ಈ ಕಡೆಯ ಹುಲ್ಲಿಗೆ ಮುಖ ಮಾಡಿ ನಿಂತಿದ್ದವು. ಎರಡು ಮಳೆಗಾಲ ಅವಳು ಅವನ್ನು ಇತ್ತ ಬಿಟ್ಟಿರಲಿಲ್ಲ.

"ಹಂಗಾರ ಇನ್ನ ಎಮ್ಮಿ ಈ ಕಡೆ ಬಿಡ್ಲೇನು?" ಎಂದು ಕೇಳಿದಳು.

ನಾನು ಉಳಿದ ಮೂರು ಕಾಯಿಗಳನ್ನು ಪೊಟ್ಟಣಕ್ಕೆ ಹಾಕಿ, ದಿನಾಂಕ ಬರೆದು, ವೇಳೆ ಬರೆದೆ. ಬರೆಯಲು ಇನ್ನೇನೂ ಉಳಿಯದಿದ್ದಾಗ ಎದ್ದು ನಿಂತೆ.

"ಬಿಡು ಮಾವಶಿ" ಅಂದೆ.